ಆಂಪ್ ಪ್ರೊಟೆಕ್ಟ್‌ನಲ್ಲೇ ನಿಂತುಬಿಟ್ಟಿದೆ: ಕಾರು, ಟ್ರ್ಯಾಕ್ಟರ್, ಲಾರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಗಾಡಿಗೆ ಆಂಪ್ (ಸೌಂಡ್ ಹೆಚ್ಚಿಸುವ ಆಂಪ್ಲಿಫೈಯರ್), ವೂಫರ್ (ಬೇಸ್ ಸ್ಪೀಕರ್) ಹಾಕಿಸಿಕೊಂಡವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇವು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಂಪ್ ಮೇಲೆ ಪ್ರೊಟೆಕ್ಟ್ ಅನ್ನುವ ಕೆಂಪು ದೀಪ ಕಂಡ ಕೂಡಲೇ ಹೊಸ ಆಂಪ್‌ಗೆ ದುಡ್ಡು ಹೊಂದಿಸೋಕೆ ಹೋಗಬೇಡಿ. ಬಹಳ ಸಲ ತೊಂದರೆ ಆಂಪ್‌ನ ಹೊರಗೇ ಇರುತ್ತದೆ: ವೈರು, ಸ್ಪೀಕರ್, ಅರ್ಥ್ (ಗಾಡಿಯ ಬಾಡಿಗೆ ಕೊಡುವ ಮೈನಸ್ ವೈರ್), ಬಿಸಿಲು, ಇಲಿ. ಆಂಪ್ ಬಿಚ್ಚುವುದು ಕೊನೆಯ ಕೆಲಸ.

ಪ್ರೊಟೆಕ್ಟ್ ದೀಪ ಬಂದರೆ ಆಂಪ್ ಸುಟ್ಟಿದೆ ಅಂತಲೇ?

ಹಾಗೇನಿಲ್ಲ. ಆಂಪ್ ಒಳಗೊಂದು ಸಣ್ಣ ಕಾವಲು ಸರ್ಕ್ಯೂಟ್ ಇರುತ್ತದೆ. ಬ್ಯಾಟರಿಯಿಂದ ಬರುವ ವೋಲ್ಟೇಜ್, ಹೀಟ್‌ಸಿಂಕ್‌ನ (ಬಿಸಿ ಹೊರಹಾಕುವ ಲೋಹದ ಮೈ) ಬಿಸಿ, ಸ್ಪೀಕರ್ ಕಡೆ ಹರಿಯುವ ಕರೆಂಟ್, ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ಇದೆಯೇ ಅನ್ನೋದು, ಇವನ್ನೆಲ್ಲ ಅದು ನೋಡುತ್ತಿರುತ್ತದೆ. ಯಾವುದಾದರೂ ಮಿತಿ ಮೀರಿದರೆ ಸೌಂಡ್ ನಿಲ್ಲಿಸಿ ಕೆಂಪು ದೀಪ ಹಚ್ಚುತ್ತದೆ. ಕಾರಣ ನಾಲ್ಕಾರು, ದೀಪ ಒಂದೇ. ಅದೇ ಕಷ್ಟ.

ಆದ್ದರಿಂದ ದೀಪ ಯಾವ ಹೊತ್ತಿಗೆ ಬರುತ್ತದೆ ಅಂತ ಗಮನಿಸಿ. ಸೆಟ್ (ಸ್ಟೀರಿಯೊ) ಆನ್ ಮಾಡಿದ ಒಂದೆರಡು ಸೆಕೆಂಡಿಗೇ ಬಂದರೆ ಶಾರ್ಟ್ ಇರಬಹುದು, ಇಲ್ಲವೇ ಆಂಪ್ ಒಳಗೇ ಏನೋ ಹೋಗಿರಬಹುದು. ಅರ್ಧ ಗಂಟೆ ಚೆನ್ನಾಗಿ ಹಾಡಿ ಆಮೇಲೆ ಬಂದರೆ ಬಿಸಿಯನ್ನು ಅನುಮಾನಿಸಿ. ವಾಲ್ಯೂಮ್ ಏರಿಸಿದಾಗ, ಬೇಸ್ ಹೊಡೆದಾಗ ಮಾತ್ರ ಬಂದರೆ ಅರ್ಥ್, ವೈರ್ ದಪ್ಪ, ಬ್ಯಾಟರಿ, ಇಲ್ಲವೇ ಓಮ್ (ಕರೆಂಟ್‌ಗೆ ಇರುವ ತಡೆಯ ಅಳತೆ) ಲೆಕ್ಕ ತಪ್ಪಿದ ವೂಫರ್. ಗುಂಡಿಯಲ್ಲಿ ಗಾಡಿ ಕುಲುಕಿದಾಗ ಬಂದರೆ ಎಲ್ಲೋ ವೈರ್ ಲೂಸ್ ಇದೆ ಅಥವಾ ಗಾಡಿಯ ಬಾಡಿಗೆ ತಾಗುತ್ತಿದೆ.

ಮೊದಲು ಏನು ಮಾಡಬೇಕು? ನನ್ನ ಹತ್ತಿರ ಒಂದು ಸಾದಾ ಮಲ್ಟಿಮೀಟರ್ ಬಿಟ್ಟರೆ ಬೇರೇನೂ ಇಲ್ಲ.

ಅಷ್ಟೇ ಸಾಕು. ಸೆಟ್ ಆಫ್ ಮಾಡಿ. ಆಂಪ್‌ನಿಂದ ಎಲ್ಲ ಸ್ಪೀಕರ್ ವೈರ್ ತೆಗೆಯಿರಿ. ಆರ್‌ಸಿಎ ಪಿನ್‌ಗಳನ್ನೂ (ಸ್ಟೀರಿಯೊದಿಂದ ಆಂಪ್‌ಗೆ ಹಾಡು ತರುವ ವೈರ್‌ನವು) ಕೀಳಿ. ಯಾವ ವೈರ್ ಎಲ್ಲಿತ್ತು ಅಂತ ಬಿಚ್ಚುವ ಮೊದಲೇ ಮೊಬೈಲ್‌ನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಈಗ ಆಂಪ್‌ಗೆ ಮೂರೇ ವೈರ್ ಉಳಿದಿರಬೇಕು: ಬ್ಯಾಟರಿ ಪ್ಲಸ್, ಅರ್ಥ್, ರಿಮೋಟ್ (ಸ್ಟೀರಿಯೊ ಆನ್ ಆದಾಗ ಆಂಪನ್ನೂ ಆನ್ ಮಾಡುವ ಸಣ್ಣ ವೈರ್). ಸೆಟ್ ಆನ್ ಮಾಡಿ ದೀಪ ನೋಡಿ.

ಹಸಿರು ಅಥವಾ ನೀಲಿ ಬಂದರೆ ಆಂಪ್ ಬಹುತೇಕ ಚೆನ್ನಾಗಿದೆ. ಸೆಟ್ ಆಫ್ ಮಾಡಿ ಆರ್‌ಸಿಎ ಸಿಕ್ಕಿಸಿ, ಮತ್ತೆ ಆನ್ ಮಾಡಿ ನೋಡಿ. ಆಮೇಲೆ ಸ್ಪೀಕರ್‌ಗಳು, ಒಂದೊಂದಾಗಿ. ಪ್ರತಿ ಸಲ ಆಫ್ ಮಾಡಿಯೇ ಸಿಕ್ಕಿಸಬೇಕು. ಯಾವುದನ್ನು ಸೇರಿಸಿದಾಗ ಕೆಂಪು ಬಂತೋ ಅಲ್ಲೇ ನಿಮ್ಮ ತೊಂದರೆ ಇದೆ. ಮೂರೇ ವೈರ್ ಇದ್ದಾಗಲೂ ಕೆಂಪು ಇದ್ದರೆ ಅರ್ಥ್, ವೋಲ್ಟೇಜ್ ಅಳೆಯಿರಿ. ಅವೆರಡೂ ಸರಿ ಇದ್ದರೆ ಮಾತ್ರ ಆಂಪ್ ಒಳಗಿನ ಮಾತು.

ಬಹಳ ಜನ ಈ ಕೆಲಸ ಬಿಟ್ಟು ನೇರ ಅಂಗಡಿಗೆ ಆಂಪ್ ಒಯ್ಯುತ್ತಾರೆ. ಅಲ್ಲಿ ಟೇಬಲ್ ಮೇಲೆ ಅದು ಚೆನ್ನಾಗೇ ಹಾಡುತ್ತದೆ. ಮನೆಗೆ ತಂದು ಹಾಕಿದರೆ ಮತ್ತೆ ಕೆಂಪು. ಆಮೇಲೆ ಅಂಗಡಿಯವರ ಮೇಲೆ ಸಿಟ್ಟು.

ಹಿಂದಿನ ಬಾಗಿಲಿನ ಸ್ಪೀಕರ್ ಸೇರಿಸಿದಾಗ ಮಾತ್ರ ಕೆಂಪು ಬರುತ್ತದೆ. ಸ್ಪೀಕರ್ ಹೋಗಿದೆಯಾ, ವೈರಾ?

ಎರಡನ್ನೂ ಬೇರೆ ಬೇರೆ ನೋಡಿ. ಆಂಪ್ ಕಡೆ ವೈರ್ ಬಿಚ್ಚಿಟ್ಟು ಮೀಟರನ್ನು ಓಮ್‌ಗೆ ತಿರುಗಿಸಿ. ಸ್ಪೀಕರ್‌ನ ಎರಡು ವೈರ್ ನಡುವೆ ಅಳೆದರೆ 4 ಓಮ್ ಸ್ಪೀಕರ್ ಸುಮಾರು 3.2ರಿಂದ 3.8 ತೋರಿಸುತ್ತದೆ. ಮೀಟರ್‌ಗೆ 4 ಸರಿಯಾಗಿ ಬರಲಿಲ್ಲ ಅಂತ ಗಾಬರಿ ಬೇಡ, ಅದು ಹಾಗೇ. 1 ಓಮ್‌ಗಿಂತ ಕಡಿಮೆ ಬಂದರೆ ಶಾರ್ಟ್. ಸ್ಪೀಕರ್ ಕಡೆಯ ವೈರನ್ನೂ ಕಿತ್ತು ಮತ್ತೆ ಅಳೆದರೆ ಶಾರ್ಟ್ ವೈರ್‌ನಲ್ಲೋ ಸ್ಪೀಕರ್ ಒಳಗಿನ ಕಾಯಿಲ್‌ನಲ್ಲೋ ಗೊತ್ತಾಗುತ್ತದೆ.

ಜನ ಮರೆಯುವ ಅಳತೆ ಇನ್ನೊಂದಿದೆ. ಮೀಟರ್‌ನ ಒಂದು ಕಡ್ಡಿ ಸ್ಪೀಕರ್ ವೈರ್‌ಗೆ, ಇನ್ನೊಂದು ಗಾಡಿಯ ಬಣ್ಣ ಇಲ್ಲದ ಕಬ್ಬಿಣಕ್ಕೆ ಹಿಡಿಯಿರಿ. ಏನೂ ತೋರಿಸಬಾರದು. ಏನಾದರೂ ಓಮ್ ತೋರಿಸಿದರೆ ವೈರ್ ಎಲ್ಲೋ ಬಾಡಿಗೆ ತಾಗಿದೆ. ಹೀಗೆ ಹಿಡಿದುಕೊಂಡೇ ಇನ್ನೊಬ್ಬರಿಗೆ ಬಾಗಿಲು ತೆಗೆದು ಹಾಕಲು, ಸೀಟು ಹಿಂದೆ ಮುಂದೆ ಸರಿಸಲು ಹೇಳಿ. ಬಾಗಿಲ ಕೀಲಿನ ಹತ್ತಿರದ ರಬ್ಬರ್ ಕೊಳವೆ, ಸೀಟಿನ ರೈಲು, ಕಾರ್ಪೆಟ್ ಕೆಳಗೆ ಹೊಕ್ಕ ಸ್ಕ್ರೂ, ಈ ಮೂರು ಕಡೆ ವೈರ್ ಜಾಸ್ತಿ ಸಿಪ್ಪೆ ಸುಲಿಯುತ್ತದೆ. ಮನೆಯ ಹಳೇ ಆಂಪ್‌ನಂತೆ ಸ್ಪೀಕರ್ ಮೈನಸ್ಸನ್ನು ಅರ್ಥ್‌ಗೆ ಕೊಟ್ಟವರೂ ಇದ್ದಾರೆ. ಕಾರ್ ಆಂಪ್‌ನಲ್ಲಿ ಸ್ಪೀಕರ್ ಮೈನಸ್ ಬಾಡಿಗೆ ಮುಟ್ಟಲೇಬಾರದು.

ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಅಥವಾ ಸೀಟ್‌ಬೆಲ್ಟ್‌ನದು. ಅದಕ್ಕೆ ಮೀಟರ್ ಹಚ್ಚಬೇಡಿ, ಬಿಚ್ಚಲೂ ಬೇಡಿ.

ನಿನ್ನೆ ರಾತ್ರಿ ಚೆನ್ನಾಗಿತ್ತು, ಬೆಳಿಗ್ಗೆ ಕೆಂಪು. ಯಾರೂ ಮುಟ್ಟಿಲ್ಲ.

ಗಾಡಿ ಎಲ್ಲಿ ನಿಲ್ಲಿಸಿದ್ದಿರಿ? ಸಿಂಧನೂರು, ಕಾರಟಗಿ, ಗಂಗಾವತಿಯಂಥ ಭತ್ತದ ಸೀಮೆಯಲ್ಲಿ ನನ್ನ ಮೊದಲ ಅನುಮಾನ ಇಲಿ. ಗದ್ದೆ ಕೊಯ್ಲಾದ ಮೇಲೆ ಅವು ಮನೆ, ಗೋದಾಮು, ಶೆಡ್ಡಿನ ಕಡೆ ಬರುತ್ತವೆ. ಗಾಡಿಯೊಳಗೆ ಬೆಚ್ಚಗಿರುತ್ತದೆ, ವೈರಿನ ಸಿಪ್ಪೆ ಮೆತ್ತಗಿರುತ್ತದೆ. ಪೂರ್ತಿ ಕತ್ತರಿಸಿದರೆ ಒಂದು ಸ್ಪೀಕರ್ ಸುಮ್ಮನಾಗುತ್ತದೆ, ಅಷ್ಟೇ. ಸಿಪ್ಪೆ ಮಾತ್ರ ಕಡಿದು ತಾಮ್ರ ಬತ್ತಲೆ ಬಿಟ್ಟರೆ ಪ್ಲಸ್ ಮೈನಸ್ ಒಂದಕ್ಕೊಂದು ತಾಗಿ ಆಂಪ್ ಪ್ರೊಟೆಕ್ಟ್‌ಗೆ ಹೋಗುತ್ತದೆ.

ಡಿಕ್ಕಿಯ ಮೂಲೆ, ಡ್ಯಾಶ್‌ಬೋರ್ಡ್ ಕೆಳಗೆ ಹಿಕ್ಕೆ ಇದೆಯೇ ನೋಡಿ. ಕಡಿದ ಕಡೆ ಸುಮ್ನೆ ಟೇಪ್ ಸುತ್ತಿ ಬಿಡಬೇಡಿ. ನಮ್ಮ ಕಡೆಯ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಕೊಳವೆ ಹಾಕಿ, ಮೇಲೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪ್ ಏರಿಸಿ. ಬ್ಯಾಟರಿಯಿಂದ ಬರುವ ಪ್ಲಸ್ ವೈರನ್ನೇ ಕಡಿದಿದ್ದರೆ ರಿಪೇರಿ ಬೇಡ, ಇಡೀ ವೈರ್ ಬದಲಿಸಿ.

ಎರಡು ವೂಫರ್ ಹಾಕಿಸಿದ ಮೇಲೆ ಈ ಕಾಟ ಶುರುವಾಯಿತು. ಮೊದಲು ಒಂದಿದ್ದಾಗ ಏನೂ ಇರಲಿಲ್ಲ.

ಓಮ್ ಲೆಕ್ಕ ತಪ್ಪಿದೆ. 4 ಓಮ್‌ನ ಎರಡು ವೂಫರ್‌ಗಳನ್ನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ ಆಂಪ್‌ಗೆ ಕಾಣುವುದು 2 ಓಮ್. ಒಂದರ ಹಿಂದೆ ಒಂದು ಸರಪಳಿಯಂತೆ ಸೇರಿಸಿದರೆ 8 ಓಮ್. ಡ್ಯುಯಲ್ ಕಾಯಿಲ್ ವೂಫರ್‌ನಲ್ಲಿ ಒಂದರೊಳಗೇ ಎರಡು ಕಾಯಿಲ್. ಅಂಥ 4+4 ಓಮ್‌ನ ಎರಡು ವೂಫರ್‌ಗಳ ನಾಲ್ಕೂ ಕಾಯಿಲ್ ಪ್ಯಾರಲಲ್ ಮಾಡಿದರೆ 1 ಓಮ್‌ಗೆ ಇಳಿಯುತ್ತದೆ.

ಈಗ ಆಂಪ್‌ನ ಪುಸ್ತಕ ಅಥವಾ ಹಿಂಬದಿಯ ಚೀಟಿ ನೋಡಿ. ಹೆಚ್ಚಿನ 2 ಮತ್ತು 4 ಚಾನೆಲ್ ಆಂಪ್‌ಗಳು ಒಂದು ಚಾನೆಲ್‌ಗೆ 2 ಓಮ್‌ವರೆಗೆ ತಾಳುತ್ತವೆ, ಬ್ರಿಡ್ಜ್ ಮಾಡಿದರೆ (ಎರಡು ಚಾನೆಲ್ ಸೇರಿಸಿ ಒಂದೇ ವೂಫರ್‌ಗೆ ಕೊಟ್ಟರೆ) 4 ಓಮ್ ಮಾತ್ರ. ಬ್ರಿಡ್ಜ್ ಮಾಡಿದಾಗ ಪ್ರತಿ ಚಾನೆಲ್‌ಗೆ ವೂಫರ್‌ನ ಓಮ್‌ನಲ್ಲಿ ಅರ್ಧದಷ್ಟು ಮಾತ್ರ ಕಾಣುವುದೇ ಇದಕ್ಕೆ ಕಾರಣ. ಅಂಥ ಆಂಪ್ ಬ್ರಿಡ್ಜ್ ಮಾಡಿ 2 ಓಮ್ ಹಾಕಿದರೆ ಕಡಿಮೆ ವಾಲ್ಯೂಮ್‌ನಲ್ಲಿ ಹಾಡುತ್ತದೆ, ಏರಿಸಿದಾಗ ಕೆಂಪು. ರಿಪೇರಿ ಏನೂ ಬೇಡ, ವೈರ್ ಸೇರಿಸುವ ಕ್ರಮ ಬದಲಿಸಿದರೆ ಸಾಕು.

ಅರ್ಥ್ ಸರಿ ಇದೆ, ಮೀಟರ್‌ನಲ್ಲಿ ಬೀಪ್ ಕೂಡ ಬರುತ್ತದೆ. ಆದರೂ ಅರ್ಥ್ ನೋಡಿ ಅಂತೀರಲ್ಲ?

ಬೀಪ್ ನಂಬಬೇಡಿ. ಕೂದಲೆಳೆಯಷ್ಟು ವೈರ್ ತಾಗಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಒಂದು ಲೆಕ್ಕ ಮಾಡೋಣ. 500 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಪವರ್) ಕೊಡುವ ಕ್ಲಾಸ್ ಎಬಿ ಅನ್ನುವ ಬಗೆಯ ಆಂಪ್‌ನ ದಕ್ಷತೆ ಸುಮಾರು 60 ಪರ್ಸೆಂಟ್ ಅಂದುಕೊಳ್ಳಿ. ಪೂರ್ತಿ ಹೊಡೆದಾಗ ಅದು ಬ್ಯಾಟರಿಯಿಂದ ಸುಮಾರು 60 ಆಂಪಿಯರ್ ಎಳೆಯುತ್ತದೆ. ಅರ್ಥ್ ಜಾಗದಲ್ಲಿ 0.05 ಓಮ್ ತಡೆ ಇದ್ದರೂ ಅಲ್ಲೇ 3 ವೋಲ್ಟ್ ಕಳೆದುಹೋಯಿತು. ಸಾದಾ ಮೀಟರ್‌ಗೆ 0.05 ಓಮ್ ಕಾಣಿಸುವುದೇ ಇಲ್ಲ, ಅದರ ಕಡ್ಡಿಗಳ ತಡೆಯೇ ಅದಕ್ಕಿಂತ ಜಾಸ್ತಿ.

ಸರಿಯಾದ ಪರೀಕ್ಷೆ ಬೇರೆ. ಮೀಟರ್ ಡಿಸಿ ವೋಲ್ಟ್‌ಗೆ ಹಾಕಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಆಂಪ್‌ನ ಅರ್ಥ್ ಸ್ಕ್ರೂಗೆ. ಡಿಕ್ಕಿವರೆಗೆ ಮುಟ್ಟಲು ಉದ್ದ ವೈರ್ ಒಂದನ್ನು ಕಟ್ಟಿಕೊಳ್ಳಿ. ಪ್ರೊಟೆಕ್ಟ್ ಬರುವುದಕ್ಕೆ ಸ್ವಲ್ಪ ಕೆಳಗಿನ ವಾಲ್ಯೂಮ್‌ನಲ್ಲಿ ಬೇಸ್ ಇರುವ ಹಾಡು ಹಾಕಿ. ಮೀಟರ್ 0.2 ಅಥವಾ 0.3 ವೋಲ್ಟ್ ದಾಟಿದರೆ ಅರ್ಥ್ ಸರಿ ಇಲ್ಲ. ಬ್ಯಾಟರಿ ಪ್ಲಸ್‌ನಿಂದ ಆಂಪ್ ಪ್ಲಸ್‌ಗೂ ಹೀಗೇ ಅಳೆಯಿರಿ. ಅಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಿದ್ದರೆ ಫ್ಯೂಸ್ ಹೋಲ್ಡರ್ ಅಥವಾ ವೈರ್ ನೋಡಬೇಕು.

ಸರಿಪಡಿಸುವುದು ಸುಲಭ. ಸೀಟ್‌ಬೆಲ್ಟ್ ಬೋಲ್ಟ್‌ಗೆ ಅರ್ಥ್ ಕೊಡಬೇಡಿ. ಬಾಡಿಯ ಗಟ್ಟಿ ಲೋಹದ ಜಾಗ ಹುಡುಕಿ, ಹಿಂದೆ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಇಲ್ಲ ಅಂತ ನೋಡಿಕೊಂಡು ತೂತು ಹಾಕಿ. ಬಣ್ಣವನ್ನು ಎಮರಿ ಪೇಪರ್‌ನಿಂದ ಹೊಳೆಯುವಷ್ಟು ಉಜ್ಜಿ. ಲಗ್ ಒತ್ತಿ ಬೋಲ್ಟ್, ನಟ್, ವಾಷರ್ ಹಾಕಿ ಬಿಗಿ ಮಾಡಿ. ಅರ್ಥ್ ವೈರ್ ಪ್ಲಸ್ ವೈರ್‌ನಷ್ಟೇ ದಪ್ಪ ಇರಲಿ, ಉದ್ದ ಅರ್ಧ ಮೀಟರ್ ಒಳಗಿರಲಿ.

ವೈರ್ ಕೊಳ್ಳುವಾಗ ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಅಗ್ಗದ ಕಿಟ್‌ಗಳಲ್ಲಿ ಬರುವುದು ಜಾಸ್ತಿ ಇದೇ. ಹಾಕಬಾರದು ಅಂತಿಲ್ಲ, ಆದರೆ ಒಂದು ಅಳತೆ ದಪ್ಪದ್ದನ್ನೇ ತಗೊಳ್ಳಿ.

ವೋಲ್ಟೇಜ್ ಎಷ್ಟಿರಬೇಕು?

ಎಂಜಿನ್ ಆಫ್ ಇದ್ದಾಗ 12.6 ಇದ್ದರೆ ಬ್ಯಾಟರಿ ತುಂಬಿದೆ. 12ಕ್ಕೆ ಇಳಿದಿದ್ದರೆ ಬಹುತೇಕ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಆಂಪ್‌ನ ಪ್ಲಸ್ ಮತ್ತು ಅರ್ಥ್ ಸ್ಕ್ರೂಗಳ ಮೇಲೇ ಅಳೆಯಬೇಕು, ಬ್ಯಾಟರಿ ಮೇಲಲ್ಲ. ಸುಮಾರು 10 ವೋಲ್ಟ್‌ಗೆ ಇಳಿದರೆ ಅಥವಾ 16 ಆಸುಪಾಸಿಗೆ ಏರಿದರೆ ಹೆಚ್ಚಿನ ಆಂಪ್‌ಗಳು ಕೈ ಎತ್ತುತ್ತವೆ. ರಿಮೋಟ್ ವೈರ್‌ನಲ್ಲೂ 12 ವೋಲ್ಟ್ ಇದೆಯೇ ನೋಡಿ.

ಕೊಪ್ಪಳದ ಗವಿಮಠದ ಜಾತ್ರೆಗೋ, ಮದುವೆ ದಿಬ್ಬಣಕ್ಕೋ ಹೋಗಿ ಎಂಜಿನ್ ಆಫ್ ಮಾಡಿ ತಾಸುಗಟ್ಟಲೆ ಹಾಡು ಹಾಕಿದರೆ ಬರುವ ಕೆಂಪು ದೀಪ ಇದೇ. ಬ್ಯಾಟರಿ ಬರಿದಾಗಿರುತ್ತದೆ. ಗಾಡಿ ಸ್ಟಾರ್ಟ್ ಮಾಡಿದ ಮೇಲೆ ದೀಪ ಹೋದರೆ ತಲೆ ಕೆಡಿಸಿಕೊಳ್ಳಬೇಡಿ.

ಕೆಪಾಸಿಟರ್ (ಕರೆಂಟ್ ಕೂಡಿಟ್ಟು ಬೇಸ್ ಹೊಡೆದಾಗ ಕೊಡುವ ಡಬ್ಬಿ) ಹಾಕಿಸಿದರೆ ಸರಿ ಹೋಗುತ್ತದಾ?

ಇಲ್ಲ. ಅರ್ಥ್ ಮತ್ತು ಬ್ಯಾಟರಿ ಸರಿ ಮಾಡದೆ ಅದಕ್ಕೆ ದುಡ್ಡು ಹಾಕಬೇಡಿ.

ಬೇಸಿಗೆಯಲ್ಲಿ ಮಾತ್ರ ಪ್ರೊಟೆಕ್ಟ್ ಆಗುತ್ತದೆ. ಚಳಿಗಾಲದಲ್ಲಿ ಏನೂ ಇಲ್ಲ.

ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್, ಮೇ ಬಂದರೆ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಒಂದು ಗಂಟೆಯಲ್ಲಿ ಇನ್ನೂ 20 ಡಿಗ್ರಿ ಸೇರಿಕೊಳ್ಳುತ್ತದೆ. ಅಂದರೆ ಹಾಡು ಹಾಕುವ ಮೊದಲೇ ಆಂಪ್ 60 ಡಿಗ್ರಿಯಲ್ಲಿ ಕೂತಿದೆ. ಹೆಚ್ಚಿನ ಆಂಪ್‌ಗಳು 80, 90 ಡಿಗ್ರಿ ಹತ್ತಿರ ಕಟ್ ಆಗುತ್ತವೆ. ಉಳಿದಿರುವುದು ಇಪ್ಪತ್ತು ಮೂವತ್ತು ಡಿಗ್ರಿ ಅಷ್ಟೇ. ಬೆಂಗಳೂರಿನಲ್ಲಿ ಕೂತವರು ಹೇಳಿದ ಸೆಟ್ಟಿಂಗ್ ಇಲ್ಲಿ ನಡೆಯದೇ ಇರುವುದಕ್ಕೆ ಇದೂ ಒಂದು ಕಾರಣ ಅಲ್ವಾ?

ಬಿಸಿಯಿಂದ ಬಂದ ಪ್ರೊಟೆಕ್ಟ್ ಗುರುತಿಸುವುದು ಸುಲಭ. ಆಂಪ್ ಮುಟ್ಟಿದರೆ ಕೈ ಸುಡುತ್ತದೆ. ಹತ್ತು ಇಪ್ಪತ್ತು ನಿಮಿಷ ಬಿಟ್ಟರೆ ತಾನೇ ಸರಿಯಾಗುತ್ತದೆ. ಬೆಳಿಗ್ಗೆ ತಣ್ಣಗಿರುವಾಗಲೂ ಕೂಡಲೇ ಕೆಂಪು ಬಂದರೆ ಅದು ಬಿಸಿಯದಲ್ಲ.

ಆಂಪ್ ಕಾರ್ಪೆಟ್ ಕೆಳಗೆ ಮುಚ್ಚಿದ್ದರೆ ಹೊರಗೆ ತನ್ನಿ. ವೂಫರ್ ಡಬ್ಬಿಗೆ ಮೊಳೆ ಹೊಡೆದು ಕೂರಿಸಿದ್ದರೂ ತೆಗೆಯಿರಿ, ಅಲ್ಲಿ ಅದುರಿ ಅದುರಿ ಬೆಸುಗೆ ಬಿಡುತ್ತದೆ. ಸುತ್ತ ನಾಲ್ಕು ಬೆರಳು ಗಾಳಿ ಜಾಗ ಇರಲಿ, ತಲೆಕೆಳಗಾಗಿ ಕೂರಿಸಬೇಡಿ. ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಗಳಲ್ಲಿ ಅದಿರಿನ ಕೆಂಪು ಧೂಳು ಹೀಟ್‌ಸಿಂಕ್‌ನ ಸಂದಿ, ಒಳಗಿನ ಫ್ಯಾನ್ ಎಲ್ಲ ಕಟ್ಟಿಬಿಡುತ್ತದೆ. ಬ್ರಷ್, ಬ್ಲೋವರ್ ಹಿಡಿಯಿರಿ, ಒದ್ದೆ ಬಟ್ಟೆ ಬೇಡ. ಕಂಪ್ಯೂಟರ್‌ನ 12 ವೋಲ್ಟ್ ಫ್ಯಾನ್ ಇಟ್ಟರೂ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೆ ಕರೆಂಟ್ ರಿಲೇ ಮೂಲಕ ಕೊಡಿ, ನೇರ ರಿಮೋಟ್ ವೈರ್‌ನಿಂದ ಎಳೆದರೆ ಸ್ಟೀರಿಯೊ ಹಾಳಾದೀತು.

ಇನ್ನು ಗೇನ್. ಅದು ಸ್ಟೀರಿಯೊದ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು, ವಾಲ್ಯೂಮ್ ಅಲ್ಲ. ಪೂರ್ತಿ ತಿರುಗಿಸಿಟ್ಟರೆ ಸೌಂಡ್ ಒಡೆಯುತ್ತದೆ, ಆಂಪ್ ಬಿಸಿಯಾಗುತ್ತದೆ, ಸ್ಪೀಕರ್ ಕಾಯಿಲ್ ಸುಡುತ್ತದೆ. ಬೇಸ್ ಬೂಸ್ಟ್ ಸೊನ್ನೆಗೆ ಇಳಿಸಿ, ಗೇನ್ ಕಾಲು ಭಾಗದಿಂದ ಶುರು ಮಾಡಿ ನೋಡಿ.

ಆರ್‌ಸಿಎ ಕಿತ್ತರೆ ಸರಿ, ಸಿಕ್ಕಿಸಿದರೆ ಕೆಂಪು.

ಬೇರೆ ಆರ್‌ಸಿಎ ವೈರ್ ಹಾಕಿ, ಸ್ಟೀರಿಯೊ ಬದಲು ಮೊಬೈಲ್‌ನಿಂದ 3.5 ಎಂಎಂ ಕೇಬಲ್ ಮೂಲಕ ಹಾಡು ಕೊಟ್ಟು ನೋಡಿ. ಮೊಬೈಲ್‌ನಲ್ಲಿ ಸರಿ ಹಾಡಿದರೆ ಸ್ಟೀರಿಯೊದ ಆರ್‌ಸಿಎ ಅರ್ಥ್ ಹೋಗಿರಬಹುದು. ಆನ್ ಇರುವಾಗಲೇ ಆರ್‌ಸಿಎ ಕಿತ್ತು ಹಾಕುವ ಚಟದಿಂದ ಒಳಗಿನ ಸಣ್ಣ ಫ್ಯೂಸ್ ಸುಡುವುದುಂಟು. ಆಗ ಎಂಜಿನ್ ಜೊತೆ ಏರಿಳಿಯುವ ಕೊಯ್ ಅನ್ನುವ ಶಬ್ದವೂ ಬರುತ್ತದೆ.

ಟ್ರ್ಯಾಕ್ಟರ್‌ಗೆ ಹಾಕಿಸಿದ ಆಂಪ್ ವರ್ಷಕ್ಕೊಂದು ಸಲ ಹೋಗುತ್ತದೆ ಅಣ್ಣ. ಕಂಪನಿ ಸರಿ ಇಲ್ವಾ?

ಕಂಪನಿ ಬದಲಿಸಿದರೂ ಹೋಗುತ್ತದೆ. ಕಾರ್ ಆಂಪ್ ಮುಚ್ಚಿದ ಗಾಡಿಗೆ ಮಾಡಿದ್ದು. ಟ್ರ್ಯಾಕ್ಟರ್‌ನಲ್ಲಿ ಅದಕ್ಕೆ ಧೂಳು, ಮಳೆ, ದಿನವಿಡೀ ಅದುರುವುದು, ಎಲ್ಲ ಇದೆ. ಆದರೂ ಮೊದಲು ವೋಲ್ಟೇಜ್ ನೋಡಿ. ಆಕ್ಸಿಲರೇಟರ್ ಏರಿಸಿ ಆಂಪ್ ಸ್ಕ್ರೂಗಳ ಮೇಲೆ ಅಳೆಯಿರಿ. 15 ದಾಟಿದರೆ ಆಲ್ಟರ್ನೇಟರ್‌ನ ರೆಗ್ಯುಲೇಟರ್ ಹೋಗಿದೆ. ಅದು ಆಂಪನ್ನು ಮಾತ್ರವಲ್ಲ, ಬ್ಯಾಟರಿಯನ್ನೂ ಬೇಯಿಸುತ್ತದೆ. ಬ್ಯಾಟರಿ ಟರ್ಮಿನಲ್ ಲೂಸ್ ಇದ್ದು ಓಡುವಾಗ ಕಿತ್ತುಬಂದರೂ ವೋಲ್ಟೇಜ್ ಒಮ್ಮೆಲೇ ಮೇಲೆ ಹಾರುತ್ತದೆ.

ಅರ್ಥ್ ನೇರ ಬ್ಯಾಟರಿ ಮೈನಸ್‌ಗೇ ಎಳೆಯಿರಿ, ಬಣ್ಣ ಬಳಿದ ಚಾಸಿ ನಂಬಬೇಡಿ. ಆಂಪ್ ಕೆಳಗೆ ರಬ್ಬರ್ ಬುಷ್ ಹಾಕಿ. ಟ್ರೇಲರ್‌ಗೋ ಟ್ರ್ಯಾಕ್ಟರ್‌ಗೋ ವೆಲ್ಡಿಂಗ್ ಮಾಡಿಸುವ ಮೊದಲು ಆಂಪ್‌ನ ವೈರ್ ಬಿಚ್ಚಿಸಿ. ಇದನ್ನು ಮರೆತು ಆಂಪ್ ಕಳೆದುಕೊಂಡವರು ಕಡಿಮೆ ಇಲ್ಲ.

ಅದಿರು ಲಾರಿಗೆ 12 ವೋಲ್ಟ್ ಆಂಪ್ ಹಾಕಬಹುದಾ?

ನೇರ ಹಾಕಬಾರದು. ದೊಡ್ಡ ಲಾರಿ, ಟಿಪ್ಪರ್‌ಗಳಲ್ಲಿ 24 ವೋಲ್ಟ್. ಎಂಜಿನ್ ಓಡುವಾಗ 27, 28 ಇರುತ್ತದೆ. ಅದೃಷ್ಟ ಇದ್ದರೆ ಆಂಪ್ ಪ್ರೊಟೆಕ್ಟ್‌ಗೆ ಹೋಗುತ್ತದೆ, ಇಲ್ಲದಿದ್ದರೆ ಹೊಗೆ. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆಯುವುದು ಎಲ್ಲರೂ ಮಾಡುವ ಉಪಾಯ. ಆಗ ಒಂದು ಬ್ಯಾಟರಿ ಸದಾ ಅರೆಹೊಟ್ಟೆ, ಇನ್ನೊಂದಕ್ಕೆ ಚಾರ್ಜ್ ಜಾಸ್ತಿ. ಎರಡೂ ಬೇಗ ಹಾಳಾಗುತ್ತವೆ.

24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿ. ಅದರ ಆಂಪಿಯರ್ ನೋಡಿ ಕೊಳ್ಳಿ. 20 ಆಂಪಿಯರ್‌ನದು ಒಟ್ಟು 250 ವ್ಯಾಟ್ ಸುತ್ತಮುತ್ತ ಕೊಡಬಲ್ಲದು. ಅದಕ್ಕೆ 150 ವ್ಯಾಟ್ ಆರ್‌ಎಂಎಸ್ ಆಂಪ್ ಸಾಕು. ದೊಡ್ಡದು ಕಟ್ಟಿದರೆ ಬೇಸ್ ಬಂದಾಗಲೆಲ್ಲ ವೋಲ್ಟೇಜ್ ಕುಸಿದು ಮತ್ತೆ ಕೆಂಪು ದೀಪ.

ಫ್ಯೂಸ್ ಹೋಗುತ್ತಲೇ ಇದೆ. 30 ಬದಲು 60 ಹಾಕಲಾ?

ಬೇಡವೇ ಬೇಡ. ಫ್ಯೂಸ್ ಇರುವುದು ವೈರ್‌ಗೆ ಬೆಂಕಿ ಹತ್ತದಿರಲಿ ಅಂತ. ರಿಮೋಟ್ ಕೊಡುವ ಮೊದಲೇ ಫ್ಯೂಸ್ ಹಾರಿದರೆ ಆಂಪ್‌ನ ಪವರ್ ಸಪ್ಲೈ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬಹುದು. ಪ್ಲಸ್ ಮೈನಸ್ ಅದಲು ಬದಲಾಗಿ ಒಳಗಿನ ಡಯೋಡ್ ಸುಟ್ಟಿರಲೂಬಹುದು. ಬ್ಯಾಟರಿ ಪಕ್ಕದಲ್ಲೂ ಒಂದು ಫ್ಯೂಸ್ ಇರಲೇಬೇಕು, ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೆ. ಇಲ್ಲದಿದ್ದರೆ ಈ ಪುಟ ಓದುವುದನ್ನು ಬಿಟ್ಟು ಮೊದಲು ಅದನ್ನು ಹಾಕಿಸಿ.

ರೀಸೆಟ್ ಮಾಡೋದು ಹೇಗೆ?

ಸೆಟ್ ಆಫ್ ಮಾಡಿ, ಆಂಪ್ ಫ್ಯೂಸ್ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಕೆಲವು ಆಂಪ್‌ಗಳು ಒಮ್ಮೆ ಕಟ್ ಆದರೆ ಹೀಗೆ ಮಾಡುವವರೆಗೆ ಎದ್ದೇಳುವುದಿಲ್ಲ. ಕಾರಣ ಹಾಗೇ ಇದ್ದರೆ ಮತ್ತೆ ಕೆಂಪು ಬರುತ್ತದೆ. ಸುಮ್ನೆ ಆನ್ ಆಫ್ ಮಾಡುತ್ತಾ ಕೂತರೆ ಬದುಕಿದ್ದ ಟ್ರಾನ್ಸಿಸ್ಟರ್‌ಗಳೂ ಹೋಗುತ್ತವೆ.

ಎಲ್ಲ ನೋಡಿಯಾಯಿತು. ಮೂರೇ ವೈರ್ ಇದ್ದರೂ ಕೆಂಪು. ಈಗ ರಿಪೇರಿಯೋ, ಹೊಸದೋ?

ಈಗ ಆಂಪ್ ಒಳಗೇ ತೊಂದರೆ ಇದೆ. ಹೆಚ್ಚಾಗಿ ಹೋಗುವುದು ಹೀಟ್‌ಸಿಂಕ್‌ಗೆ ಒತ್ತಿ ಕೂರಿಸಿದ ಮಾಸ್ಫೆಟ್‌ಗಳು (ಒಂದು ಜಾತಿಯ ಟ್ರಾನ್ಸಿಸ್ಟರ್). ಪವರ್ ಸಪ್ಲೈ ಕಡೆ ಐಆರ್‌ಎಫ್‌ಝಡ್44ಎನ್, ಐಆರ್‌ಎಫ್3205 ಜಾತಿಯವು ಸಾಮಾನ್ಯ, ಅವನ್ನು ಓಡಿಸಲು ಟಿಎಲ್494 ಐಸಿ. ಇವು ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುವ ಅಗ್ಗದ ವಸ್ತು. ಟಿವಿ, ಯುಪಿಎಸ್ ರಿಪೇರಿ ಬಲ್ಲ ಒಳ್ಳೆ ಕೈ ಇದನ್ನು ಮಾಡಬಹುದು.

ರಿಪೇರಿಯವರಿಗೆ ಎರಡು ಮಾತು ಕೇಳಿ. ಮೊದಲ ಸಲ ಕರೆಂಟ್ ಕೊಡುವಾಗ ಸೀರೀಸ್ ಬಲ್ಬ್ ಹಾಕುತ್ತೀರಾ? ಹೆಡ್‌ಲೈಟ್‌ನ 55 ವ್ಯಾಟ್ ಬಲ್ಬನ್ನು ಪ್ಲಸ್ ವೈರ್‌ಗೆ ಸೀರೀಸ್ ಹಾಕಿದರೆ, ಶಾರ್ಟ್ ಇದ್ದಾಗ ಬಲ್ಬ್ ಪೂರ್ತಿ ಉರಿಯುತ್ತದೆ, ಹೊಸ ಮಾಸ್ಫೆಟ್ ಉಳಿಯುತ್ತದೆ. ಒಮ್ಮೆ ಮಿನುಗಿ ಆರಿದರೆ ಅದು ಕೆಪಾಸಿಟರ್ ತುಂಬಿದ್ದು, ಭಯವಿಲ್ಲ. ಎರಡನೆಯದು, ಒಂದು ಸಾಲಿನಲ್ಲಿ ಒಂದೇ ಹೋಗಿದ್ದರೂ ಇಡೀ ಸಾಲು ಬದಲಿಸುತ್ತೀರಾ, ಗೇಟ್ ರೆಸಿಸ್ಟರ್‌ಗಳನ್ನೂ ನೋಡುತ್ತೀರಾ? ಹಳೆಯದರ ನಡುವೆ ಒಂದು ಹೊಸದು ಹಾಕಿದರೆ ಬಹಳ ದಿನ ಬಾಳುವುದಿಲ್ಲ. ಕೂರಿಸುವಾಗ ಮೈಕಾ ಹಾಳೆ ಮತ್ತು ಥರ್ಮಲ್ ಪೇಸ್ಟ್ ಮರೆಯಬಾರದು.

ರಿಪೇರಿ ಆದ ಮೇಲೆ ಸ್ಪೀಕರ್ ಹಾಕುವ ಮೊದಲು ಪ್ರತಿ ಚಾನೆಲ್‌ನ ಪ್ಲಸ್ ಮೈನಸ್ ನಡುವೆ ಡಿಸಿ ವೋಲ್ಟ್ ಅಳೆಯಿರಿ. 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು. ಒಂದೆರಡು ವೋಲ್ಟ್ ಕಂಡರೆ ಸ್ಪೀಕರ್ ಕಾಯಿಲ್ ಸುಡುತ್ತದೆ, ವಾಪಸ್ ಕೊಡಿ.

ಬೋರ್ಡ್ ಕಪ್ಪಾಗಿ ತಾಮ್ರದ ಗೆರೆಗಳೇ ಎದ್ದಿದ್ದರೆ, ನೀರು ಹೊಕ್ಕು ಹಸಿರು ಕಿಲುಬು ಹಿಡಿದಿದ್ದರೆ ರಿಪೇರಿಗೆ ಹಾಕುವ ದುಡ್ಡು ದಂಡ.

ಹೊಸ ಆಂಪ್ ತಂದು ಹಾಕಿದೆ. ಅದೂ ಕೆಂಪು!

ಅಂದರೆ ಹಳೆಯದಕ್ಕೂ ಏನೂ ಆಗಿರಲಿಕ್ಕಿಲ್ಲ. ಮೊದಲು ಹೊಸದನ್ನು ಬಿಚ್ಚಿಡಿ, ವಾರಂಟಿ ಇರುವಾಗಲೇ ಸುಡಬೇಡಿ. ಸ್ಪೀಕರ್ ವೈರ್‌ಗಳನ್ನು ಬಾಡಿಗೆ ಹಿಡಿದು ಅಳೆಯಿರಿ, ಅರ್ಥ್ ಬೋಲ್ಟ್ ಬಿಚ್ಚಿ ಉಜ್ಜಿ ಮತ್ತೆ ಬಿಗಿ ಮಾಡಿ. ಆಮೇಲೆ ಹಳೇ ಆಂಪನ್ನೇ ಮೂರು ವೈರ್‌ನಲ್ಲಿ ಆನ್ ಮಾಡಿ ನೋಡಿ. ಹಸಿರು ಬಂದರೆ ಹೊಸದನ್ನು ಡಬ್ಬಿ, ಬಿಲ್ ಸಮೇತ ಅಂಗಡಿಗೆ ಒಯ್ದು ವಾಪಸ್ ತಗೊಳ್ಳುತ್ತಾರಾ ಕೇಳಿ.